ಹೆಸರು ಹೇಳದ ಊರಿನ ಕೌದಿ

ಕಳೆದ ಅಕ್ಟೋಬರಿನಲ್ಲಿ ಮೊಮ್ಮಗಳು ಲೀನಾಳಿಗೆ ಜರ್ಮನಿಯ ಮ್ಯೂನಿಕ್ ಪಕ್ಕದ ಗಾರ್ಕಿಂಗ್‌ನಲ್ಲಿ ಓದಲು ಸೀಟು ಸಿಕ್ಕಿತು. ಅವಳ ಸಾಮಾನು ಸಾಗಿಸಲು ಮಗಳು ವೀಣಾ ಬೊಬ್ಲಿಂಗೆನ್‌ನಿಂದ ಕಾರು ತೆಗೆದಾಗ ನಾನೂ ಹತ್ತಿ ಕೂತೆ. ಈ ವಯಸ್ಸಿನಲ್ಲಿ ನನ್ನಿಂದ ಎತ್ತಿಳಿಸುವ ಕೆಲಸ ಏನೂ ಆಗುವುದಿಲ್ಲ. ಆದರೆ ವೀಣಾ ಹುಟ್ಟಿದ ವರ್ಷ ನಾವಿದ್ದ ಊರು ಅದು, ಒಮ್ಮೆ ನೋಡಿಬರೋಣ ಅನ್ನಿಸಿತು. ಊರಿನ ಗುರುತೇ ಸಿಗಲಿಲ್ಲ. ನಾವಿದ್ದಾಗ ಬಸ್ಸು ಇಳಿದರೆ ಆಲೂಗಡ್ಡೆ ಹೊಲ, ಹೊಲದಾಚೆ ರಿಯಾಕ್ಟರಿನ ಬೆಳ್ಳಿ ಗುಮ್ಮಟ. ಅಲ್ಲಿಯವರು ಅದನ್ನು ಮೊಟ್ಟೆ ಅಂತಲೇ ಕರೆಯುತ್ತಿದ್ದರು. ಈಗ ನೆಲದಡಿಯಿಂದ ಊ-ಬಾನ್ ರೈಲು ಬಂದು ಹುಡುಗ ಹುಡುಗಿಯರನ್ನು ಗುಂಪುಗುಂಪಾಗಿ ಇಳಿಸಿ ಹೋಗುತ್ತದೆ. ಮೊಟ್ಟೆ ಇನ್ನೂ ಇದೆ, ಕಟ್ಟಡಗಳ ನಡುವೆ ಹುಡುಕಿ ನೋಡಬೇಕು.

ಲೀನಾ ತನ್ನ ಹೊಸ ಕೋಣೆಯ ಮಂಚಕ್ಕೆ ಹಾಸಲು ಪೆಟ್ಟಿಗೆಯಿಂದ ಒಂದು ಕೌದಿ ತೆಗೆದು ಕೊಡವಿದಳು. ವೀಣಾ ಕೂಸಾಗಿದ್ದಾಗಿನ ಕೌದಿ. ನ್ಯಾಫ್ತಲೀನ್ ಗುಳಿಗೆಯ ವಾಸನೆ ಮೊದಲು ಬಂತು, ಅದರ ಹಿಂದೆಯೇ ಹಳೆಯ ಹತ್ತಿಬಟ್ಟೆಯ ವಾಸನೆ, ಮತ್ತೆ ಅದರಡಿಯಿಂದ, ನನಗಷ್ಟೇ ಗೊತ್ತಾಗುವಂತೆ, ಇದ್ದಲಿನ ಹೊಗೆ. ನಮ್ಮ ಬಾಡಿಗೆ ಕೋಣೆಯ ಒಲೆಗೆ ಆಗ ಇಟ್ಟಿಗೆಯಂಥ ಇದ್ದಲುಗಟ್ಟಿ ಹಾಕುತ್ತಿದ್ದೆವು.

"ಅಜ್ಜಿ, ಇದು ಎಲ್ಲಿಂದ ಬಂದದ್ದು?" ಎಂದು ಲೀನಾ ಜರ್ಮನ್‌ನಲ್ಲಿ ಕೇಳಿದಳು. ಅವಳ ಬಾಯಲ್ಲಿ ಉಳಿದಿರುವ ಕನ್ನಡವೆಂದರೆ ಅಜ್ಜಿ ಎಂಬ ಆ ಒಂದು ಮಾತು. ನನ್ನ ಮುಖ ಬಿಸಿಯಾಯಿತು. ಐವತ್ತು ವರ್ಷದ ಮೇಲಾದರೂ ಆ ಚಳಿಗಾಲ ನೆನಪಾದರೆ ನನಗೆ ಹೀಗೆಯೇ ಆಗುತ್ತದೆ. ನಾಚಿಕೆಯಾಗುತ್ತದೆ.

ಎಪ್ಪತ್ತರ ಆಸುಪಾಸಿನ ಮಾತು. ನಮ್ಮವರು ಮೈಸೂರಿನವರು, ಗಾರ್ಕಿಂಗ್‌ನ ಒಂದು ಪ್ರಯೋಗಶಾಲೆಯಲ್ಲಿ ವಿಜ್ಞಾನಿ. ನಾನು ಹಳಿಯಾಳದ ಕಡೆಯವಳು, ಮದುವೆಯಾಗಿ ಅವರ ಹಿಂದೆ ಬಂದು ವರ್ಷವಾಗಿತ್ತು. ನವೆಂಬರಿನಲ್ಲಿ ಮ್ಯೂನಿಕ್‌ನ ಒಂದು ಆಸ್ಪತ್ರೆಯಲ್ಲಿ ವೀಣಾ ಹುಟ್ಟಿದಳು. ಹೊರಗೆ ಮಂಜು, ಒಲಿಂಪಿಕ್ಸಿಗೆಂದು ಊರೆಲ್ಲ ಅಗೆದು ಹಾಕಿದ ಕೆಸರು. ಒಳಗೆ ನಾನು, ಪಕ್ಕದಲ್ಲಿ ಕೂಸು, ತಾಯಿಯಿಲ್ಲ, ಅತ್ತೆಯಿಲ್ಲ, ಬಿಸಿನೀರು ಹಾಕುವವರಿಲ್ಲ. ಮಾತಾಡಲು ನಮ್ಮವರೊಬ್ಬರೇ. ಪರದೇಶದಲ್ಲಿರುವ ಕನ್ನಡಿಗರಿಗೆಲ್ಲ ಒಂದು ಚಟವಿರುತ್ತದೆ. ಕನ್ನಡ ಯಾರಿಗೆ ತಿಳಿಯುತ್ತದೆ ಎಂದುಕೊಂಡು ಬಸ್ಸಿನಲ್ಲಿ, ಅಂಗಡಿಯಲ್ಲಿ, ಎದುರಿಗಿದ್ದವರ ಬಗ್ಗೆಯೇ ರಾಜಾರೋಷವಾಗಿ ಮಾತಾಡುವುದು. ನಮ್ಮವರು ಅದರಲ್ಲಿ ಎತ್ತಿದ ಕೈ.

ಅವತ್ತು ಒಬ್ಬ ನರ್ಸು ಕೂಸನ್ನು ಒರೆಸಲು ಎತ್ತಿಕೊಂಡಳು. ಕಪ್ಪು ಮೈ, ಬಿಳಿ ಟೋಪಿಯೊಳಗಿಂದ ಇಣುಕುವ ಗುಂಗುರು ಕೂದಲು. ನಮ್ಮವರು ಕಿಟಕಿಯ ಕಡೆ ನೋಡುತ್ತ, "ಆಫ್ರಿಕಾದವಳಿರಬೇಕು ಕಣೇ. ಎಷ್ಟು ಗಟ್ಟಿಮುಟ್ಟಾಗಿದಾಳೆ ನೋಡು, ಮಗೂನ ಒನಕೆ ಹಿಡ್ಕೊಂಡ ಹಾಗೆ ಹಿಡ್ಕೊಂಡಿದಾಳೆ" ಎಂದರು.

ನರ್ಸು ತಲೆಯೆತ್ತಲಿಲ್ಲ. "ಹೆದರಬ್ಯಾಡ್ರಿ, ಬೀಳಸೂದಿಲ್ಲ" ಅಂದಳು. "ನೆತ್ತಿ ಮ್ಯಾಲ ಒಂದು ಕುಂಚಿಗಿ ಹಾಕ್ರಿ ಬಾಯಾರ. ಈ ಥಂಡಿ ಕೂಸಿಗೆ ಭಾಳ ಕೆಟ್ಟ."

ನಮ್ಮವರ ಮುಖ ನೋಡುವ ಹಾಗಿರಲಿಲ್ಲ. ಅವರು ಕಾಫಿ ಕುಡಿದುಬರುತ್ತೇನೆಂದು ಹೊರಗೆ ಹೋದವರು ಒಂದು ಗಂಟೆ ಬರಲಿಲ್ಲ. ನನಗೆ ನಾಚಿಕೆಗಿಂತ ಹೆಚ್ಚಾಗಿ ಅಳು ಬಂತು. ಕೂಸಿನ ತಲೆಗೆ ಕಟ್ಟುವ ಕುಂಚಿಗೆ, ಆ ಮಾತು ಕಿವಿಗೆ ಬಿದ್ದು ವರ್ಷವಾಗಿತ್ತಲ್ಲ! "ಯಾವೂರ ನಿಂದು?" ಎಂದು ಕೇಳಿದೆ. "ಹಳಿಯಾಳ ಕಡೀಗೆ ರೀ" ಅಂದಳು. "ನಂದೂ ಅದ ಕಡೆ!" ಎಂದು ನಾನು ಅವಳ ಕೈ ಹಿಡಿದುಕೊಂಡೆ. ಯಾವ ಮನೆತನ, ಯಾವ ಓಣಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವಳ ಹೆಸರು ಲುಸಿಯಾ. ಸಿದ್ದಿಯರ ಹುಡುಗಿ. ಹಳಿಯಾಳದ ಕಾಡಿನಂಚಿನಲ್ಲಿ ಸಿದ್ದಿಯರು ಇರುವುದು ನನಗೇನು ಹೊಸತಲ್ಲ. ಆದರೆ ನಾನು ಕಂಡ ಸಿದ್ದಿಯರೆಲ್ಲ ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಹಿತ್ತಲ ಬಾಗಿಲಲ್ಲಿ ನಿಂತವರು. ಲುಸಿಯಾಳನ್ನು ಕ್ರೈಸ್ತ ಸನ್ಯಾಸಿನಿಯರು ಓದಿಸಿ, ಕೇರಳದ ಹುಡುಗಿಯರ ತಂಡದ ಜೊತೆ ನರ್ಸಿಂಗ್ ಕಲಿಯಲು ಇಲ್ಲಿಗೆ ಕಳಿಸಿದ್ದರು. ಅವಳ ಜರ್ಮನ್ ನಮ್ಮವರದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಡಿಸೆಂಬರಿನಿಂದ ಅವಳು ರಜೆಯ ದಿನ ಬಸ್ಸು ಹಿಡಿದು ನಮ್ಮ ಮನೆಗೆ ಬರತೊಡಗಿದಳು. ಹಿಮದಲ್ಲಿ ಬೂಟು ಕುಟ್ಟಿಕೊಂಡು ಮೆಟ್ಟಿಲು ಹತ್ತುವ ಸದ್ದಿಗೇ ನನ್ನ ಜೀವಕ್ಕೆ ಹಾಯೆನಿಸುತ್ತಿತ್ತು. ಕೂಸಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಕೆಳಗಿನ ಮನೆಯೊಡತಿ ಬಂದು, ಹೀಗೆ ತಿಕ್ಕಿದರೆ ಮಗು ಸತ್ತುಹೋಗುತ್ತದೆಂದು ಗಾಬರಿಯಾಗಿ, ಸಾಯದ್ದನ್ನು ಕಂಡು ತಾನೂ ಕೂತು ನೋಡುತ್ತಿದ್ದಳು. ಒಡತಿಯನ್ನು ಕರೆದಂತೆ ಬಾಯಾರ ಅನ್ನಬೇಡ, ಅಕ್ಕ ಅನ್ನು ಎಂದು ನಾನು ಹಟ ಹಿಡಿದ ಮೇಲೆ ಲುಸಿಯಾ ನನ್ನನ್ನು ಅಕ್ಕಾರ ಎನ್ನತೊಡಗಿದಳು.

ಒಂದು ದಿನ ಬಂದವಳೇ, "ಅಕ್ಕಾರ, ಹಳೇ ಅರಬಿ ಕೊಡ್ರಿ. ಕೂಸಿಗೊಂದು ಕವಂದಿ ಹೊಲೀತೀನಿ" ಅಂದಳು. ನಾವು ಕೌದಿ ಅನ್ನುವುದಕ್ಕೆ ಅವರು ಕವಂದಿ ಅನ್ನುತ್ತಾರೆ. ಹೊಸ ಬಟ್ಟೆ ಕೊಡಹೋದರೆ ಬೇಡ ಅಂದಳು. ಉಟ್ಟು ಹಳತಾದದ್ದೇ ಆಗಬೇಕು, ಮನೆಯವರ ಮೈಯ ಬಿಸಿ ಅದರಲ್ಲಿರಬೇಕು. ನನ್ನ ಇಳಕಲ್ ಸೀರೆಯೊಂದು, ನಮ್ಮವರ ಎರಡು ಅಂಗಿ, ಮನೆಯೊಡತಿ ಕೊಟ್ಟ ಹೂವಿನ ಪರದೆ, ಲುಸಿಯಾಳದೇ ಒಂದು ಹರಿದ ಲಂಗ. ಒಲೆಯ ಪಕ್ಕ ನೆಲದ ಮೇಲೆ ಕೂತು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದಳು. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಚಿ ಮಡಿಚಿ ಹೂ ಇಟ್ಟಳು. ಹೂವಿಲ್ಲದ ಕವಂದಿ ಬತ್ತಲೆ ಇದ್ದ ಹಾಗಂತೆ.

ಹೊಲಿಯುವ ಕೈಗೆ ಮಾತು ಬೇಕಾಗುತ್ತದೆ. ಅವಳು ತನ್ನ ಮುತ್ತಜ್ಜಿಯ ಕಥೆ ಹೇಳಿದಳು. ಆ ಹೆಂಗಸನ್ನು ಹುಡುಗಿಯಾಗಿದ್ದಾಗಲೇ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯ ಒಂದು ದೊಡ್ಡಮನೆಗೆ ಮಾರಿದ್ದರು. ಅಲ್ಲಿಂದ ಓಡಿದಳು. ಹೊಳೆಯ ಗುಂಟ ಮೇಲಕ್ಕೆ, ಘಟ್ಟ ಹತ್ತಿ, ಕಾಡಿನೊಳಗೆ. ಅವಳಿಗಿಂತ ಮೊದಲು ಓಡಿ ಬಂದವರು ಅಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಎಲೆಯ ಗುಡಿಸಲು, ಹತ್ತು ಹೆಜ್ಜೆ ಆಚೆ ನಿಂತರೂ ಕಾಣದಂಥವು. ಹಗಲು ಹೊಗೆ ಏಳಬಾರದೆಂದು ಕತ್ತಲಾದ ಮೇಲೆಯೇ ಒಲೆ ಹಚ್ಚುತ್ತಿದ್ದರು. ದಾರಿ ಬೀಳಬಾರದೆಂದು ದಿನಕ್ಕೊಂದು ಕಡೆಯಿಂದ ನೀರಿಗೆ ಹೋಗುತ್ತಿದ್ದರು. ಹೊಸದಾಗಿ ಓಡಿ ಬಂದವರಿಗೆ ಮೊದಲು ಉಣ್ಣಲು ಕೊಟ್ಟು ಆಮೇಲೆ ಹೆಸರು ಕೇಳುತ್ತಿದ್ದರು.

"ಮತ್ತ ಊರ ಹೆಸರ ಯಾರಿಗೂ ಹೇಳೂಹಂಗಿಲ್ರಿ" ಅಂದಳು ಲುಸಿಯಾ, ದಾರ ಕಚ್ಚಿ ಕಡಿಯುತ್ತ. "ಹೊರಗಿನವ್ರು ಕೇಳಿದ್ರ ಬಾಜೂ ಊರಿನ ಹೆಸರ ಹೇಳೂದು. ಇವತ್ತ ಒಂದ ಹೇಳಿದ್ರ ನಾಳಿ ಇನ್ನೊಂದ. ಈಗೂ ನಮ್ಮಪ್ಪ ಹಂಗ ಮಾಡ್ತಾನ. ಶಾಲ್ಯಾಗ ಒಂದ ಬರಸಿದ, ಚರ್ಚಿನ್ಯಾಗ ಇನ್ನೊಂದ." ಅವಳು ನಕ್ಕಳು. "ಕವಂದಿ ಮುಗೀಲಿ ಅಕ್ಕಾರ, ನಿಮಗ ಖರೇ ಹೆಸರ ಹೇಳತೀನಿ. ನೀವೇನ ಹೊರಗಿನವ್ರ?"

ನಾನೂ ನಕ್ಕೆ. ಗೋವೆಯವರಿಗೆ ಇಷ್ಟೊಂದು ಹೆದರಬೇಕಾಗಿತ್ತೇ ಎಂದು ಕೇಳಿದೆ.

"ಗೋವಾದವ್ರು ಘಟ್ಟದ ಕೆಳಗ ಉಳದ್ರು. ನಾವು ಹೆದರೂದು ಘಟ್ಟದ ಮ್ಯಾಲಿನ ವಾಡೇದವ್ರಿಗೆ. ಹಿಡಕೊಂಡ ಹೋಗಿ ತಮ್ಮ ಹೊಲದಾಗ ಹಾಕ್ಕೋತಿದ್ರು. ಅಲ್ಲಿಂದ ಮತ್ತ ಓಡಿ ಬರಬೇಕು. ಒಮ್ಮೆ ಏನಾತು, ನಮ್ಮೂರಾಗ ಯಾರೋ ಒಂದ ಹುಂಜ ಸಾಕಿದ್ರು. ನಸುಕಿನ್ಯಾಗ ಅದು ಕೂಗಿಬಿಡ್ತು. ಅದರ ದನೀ ಹಿಡದು ವಾಡೇದವ್ರು ನಾಯಿ ತಗೊಂಡ ಬಂದ್ರು. ನಮ್ಮಜ್ಜಿ ಓಡಿದ್ಲು. ಅಕಿ ಅಕ್ಕ ಇನ್ನಾಸಿ ಸಿಕ್ಕಬಿದ್ಲು. ಅಕಿ ಹಾಡಿದ್ರ ಕಾಡ ಸುಮ್ಮನಾಗತಿತ್ತಂತ್ರಿ. ಮತ್ತ ಬರಲೇ ಇಲ್ಲ. ಉಳದವ್ರು ಇನ್ನೂ ಒಳಗ ಹೋಗಿ ಊರ ಕಟ್ಟಿದ್ರು. ಅವತ್ತಿನಿಂದ ನಮ್ಮೂರಾಗ ಹುಂಜ ಸಾಕೂದಿಲ್ಲ."

ನಾನು ಒಲೆಗೆ ಇದ್ದಲು ಹಾಕುವ ನೆಪದಲ್ಲಿ ಎದ್ದೆ. ಆ ಹುಂಜದ ಕಥೆ ನನಗೆ ಗೊತ್ತಿತ್ತು.

ಅದು ನಮ್ಮ ಅಜ್ಜನ ಕಥೆ. ನನ್ನ ತವರು ಹಳಿಯಾಳದಾಚೆಯ ಒಂದು ವಾಡೆ, ಜಮೀನ್ದಾರರ ದೊಡ್ಡಮನೆ. ಊಟವಾದ ಮೇಲೆ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಅಜ್ಜ ಬೇಟೆಯ ಕಥೆ ಹೇಳುತ್ತಿದ್ದ. ಹಂದಿಯದೊಂದು, ಕಡವೆಯದೊಂದು, ಓಡಿಹೋದ ಆಳುಗಳದೊಂದು. ಮೂರನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದ. ಮೋತಿ, ಹೀರಾ ಎಂಬ ನಾಯಿಗಳು, ಕೈಗೆ ಸಿಗದ ಊರು, ಸೋತು ತಿರುಗಿ ಹೊರಟಾಗ ಕೂಗಿದ ಹುಂಜ. ಅಜ್ಜ ಹುಂಜದ ಹಾಗೆ ಕೂಗಿ ತೋರಿಸಿದಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಇನ್ನೊಂದು ಸಲ ಕೂಗು ಎಂದು ಪೀಡಿಸುತ್ತಿದ್ದೆವು. ಮದುವೆಯಾದ ಹೊಸತರಲ್ಲಿ ನಾನು ಇದನ್ನು ನಮ್ಮವರಿಗೆ ಹೇಳಿ ನಗಿಸಿದ್ದೆ, ಆ ಆಳುಗಳು ಸಿದ್ದಿಯರು ಎಂಬುದನ್ನು ಮಾತ್ರ ಹೇಳಿರಲಿಲ್ಲ. ನಮ್ಮನೆಯವರು ಎಂಥ ಗಟ್ಟಿ ಜನ ಎಂದು ತೋರಿಸಿಕೊಳ್ಳುವ ಆಸೆ ನನಗೆ ಇದ್ದಿರಬೇಕು.

ಲುಸಿಯಾಳಿಗೆ ನಾನು ಏನೂ ಹೇಳಲಿಲ್ಲ. ನಾಳೆ ಹೇಳೋಣ, ಮುಂದಿನ ಸಲ ಹೇಳೋಣ ಅಂದುಕೊಂಡೆ. ಹೇಗೆ ಹೇಳಬೇಕೆಂದು ತಿಳಿಯದೆ ಅವಳಿಗೆ ಇನ್ನಷ್ಟು ಬಡಿಸಿದೆ, ಇನ್ನಷ್ಟು ಉಪಚಾರ ಮಾಡಿದೆ.

ಸಂಕ್ರಾಂತಿಯ ವಾರದಲ್ಲಿ ಒಂದು ಭಾನುವಾರ ಅವಳನ್ನು ಊಟಕ್ಕೆ ಕರೆದೆ. ನಮ್ಮವರು ಆಸ್ಪತ್ರೆಯ ಆ ಮಾತಿಗೆ ಪ್ರಾಯಶ್ಚಿತ್ತವೆಂಬಂತೆ ಅವಳ ಜೊತೆ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು, ಏನಾದರೂ ಹೇಳಿ ನಗಿಸಲು ನೋಡುತ್ತಿದ್ದರು. ಅವತ್ತು ಹುಗ್ಗಿ ಉಣ್ಣುತ್ತ ಶುರು ಮಾಡಿಯೇಬಿಟ್ಟರು. "ನಿಮ್ಮ ಕಡೆಯೋರೇ ಅಲ್ವೇನಮ್ಮ, ನಮ್ಮ ಕಮಲನ ಮನೆ ವಾಡೆ ಕೇಳಿರ್ತೀಯ. ಇವಳ ತಾತ ಭಾರೀ ಶಿಕಾರಿ."

"ಅದೆಲ್ಲ ಈಗ್ಯಾಕ್ರಿ" ಎಂದೆ. "ಅನ್ನ ಹಾಕಲೇನ್ರಿ" ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ನಾಯಿಗಳ ಹೆಸರು ಸಮೇತ ಹೇಳಿದರು. ಹುಂಜದ ಹಾಗೆ ಕೂಗಿದರು, ನಾನೇ ಅವರಿಗೆ ಕಲಿಸಿಕೊಟ್ಟ ಹಾಗೆ. ತೊಟ್ಟಿಲಲ್ಲಿದ್ದ ವೀಣಾ ಬೆಚ್ಚಿ ಅತ್ತಳು. "ಹಿಡಿದು ತಂದವರಲ್ಲಿ ಒಬ್ಬಳು ಹೆಂಗಸು. ಉಳಿದವರು ಎಲ್ಲಿಗೆ ಹೋದ್ರು, ಹೊಸ ಊರು ಎಲ್ಲಿ ಅಂತ ತಾತ ಎಷ್ಟು ಕೇಳಿದ್ರೂ ಬಾಯೇ ಬಿಡಲಿಲ್ವಂತೆ. ಹೊಡೆದ್ರೂ ಇಲ್ಲ, ಬೈದ್ರೂ ಇಲ್ಲ. ಆಮೇಲೆ ಗೊತ್ತಾಯ್ತು, ಅವಳು ಹುಟ್ಟು ಮೂಗಿ ಅಂತ. ಮೂಗಿ ಹತ್ರ ದಾರಿ ಕೇಳಿದ್ರೆ ಏನು ಬಂತು!"

ಲುಸಿಯಾ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು. ಒಂದು ಅಗುಳೂ ಬಿಡಲಿಲ್ಲ. ಆಮೇಲೆ, "ಅಕಿ ಮೂಕಿ ಅಲ್ರಿ" ಅಂದಳು.

ನಮ್ಮವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ವಾಡೆಯ ಹಿತ್ತಲಲ್ಲಿ ಒಬ್ಬ ಮುದುಕಿ ಇದ್ದಳು. ಕೊಟ್ಟಿಗೆಯ ಮೂಲೆಯಲ್ಲಿ ಮಲಗುತ್ತಿದ್ದಳು. ನನ್ನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳು. ಅವಳನ್ನು ಎಲ್ಲರೂ ಮೂಕಿ ಎಂದೇ ಕರೆಯುತ್ತಿದ್ದರು, ನಾನೂ. ಅವಳಿಗೊಂದು ಹೆಸರಿರಬಹುದೆಂದು ನಮ್ಮ ಯಾರಿಗೂ ಹೊಳೆದಿರಲಿಲ್ಲ.

ಲುಸಿಯಾ ಎದ್ದು ತನ್ನ ತಟ್ಟೆ ಲೋಟ ತಾನೇ ತೊಳೆದಳು. ಬಾಲ್ಕನಿಯ ಬಾಗಿಲು ತೆಗೆದು ಅವನ್ನು ಹೊರಗೆ ಹಿಮದ ಮೇಲೆ ಬೋರಲು ಹಾಕಿದಳು. ನಮ್ಮ ವಾಡೆಯ ಹಿತ್ತಲಲ್ಲಿ ಆಳುಗಳು ಊಟವಾದ ಮೇಲೆ ತಮ್ಮ ತಮ್ಮ ತಾಟನ್ನು ತೊಳೆದು ಹೀಗೆಯೇ ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಬೇಕಾಗಿತ್ತು, ಮನೆಯ ಪಾತ್ರೆಗಳ ಜೊತೆ ಬೆರೆಯದಂತೆ. ಅವಳು ಕೋಟು ಹಾಕಿಕೊಂಡು, ಅರ್ಧ ಹೊಲಿದ ಕವಂದಿಯನ್ನು ಸುತ್ತಿ ಚೀಲಕ್ಕಿಟ್ಟುಕೊಂಡು, "ಬರತೀನ್ರಿ ಬಾಯಾರ" ಅಂದಳು. ಅಕ್ಕಾರ ಅನ್ನಲಿಲ್ಲ. ನಾನು ಬಾಲ್ಕನಿಗೆ ಹೋಗಿ ಆ ತಟ್ಟೆಯನ್ನು ಎತ್ತಿ ತಂದೆ. ಅಷ್ಟರಲ್ಲೇ ಅದು ಮಂಜುಗಡ್ಡೆಯಷ್ಟು ತಣ್ಣಗಾಗಿತ್ತು.

ಆಮೇಲೆ ಅವಳು ಬರಲಿಲ್ಲ. ನಮ್ಮವರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತುಕೊಂಡು ಕೂತರು. "ಮೊದಲೇ ಹೇಳಬಾರದಾಗಿತ್ತೇನೇ ನೀನು?" ಎಂದು ನನ್ನನ್ನೇ ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ.

ಫೆಬ್ರುವರಿಯ ಕೊನೆಗೆ ಲುಸಿಯಾ ಬಂದಳು. ಒಳಗೆ ಬಾ ಎಂದರೂ ಹೊಸ್ತಿಲಾಚೆಯೇ ನಿಂತಳು. ಅವಳ ವಾಸದ ಪರವಾನಗಿ ಮುಗಿಯುತ್ತ ಬಂದಿತ್ತು. ವಿದೇಶಿಯರ ಕಚೇರಿಗೆ, ಅಂದರೆ ಔಸ್‌ಲೆಂಡರ್‌ಆಮ್ಟ್‌ಗೆ ಹೋದರೆ ಅಲ್ಲೊಂದು ತಕರಾರು ಎದ್ದಿತ್ತು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಒಂದು, ಚರ್ಚಿನ ಕಾಗದದಲ್ಲಿ ಇನ್ನೊಂದು. ಮುಖ ನೋಡಿದರೆ ಕೇರಳದ ನರ್ಸುಗಳ ಹಾಗಿಲ್ಲ. ಇದು ಬೇರೆ ಯಾರದೋ ಪಾಸ್‌ಪೋರ್ಟ್ ಇರಬಹುದೆಂದು ಅವರಿಗೆ ಅನುಮಾನ. ನಿನ್ನ ಸೀಮೆಯವರು, ಇಲ್ಲಿ ಮರ್ಯಾದಸ್ಥರಾಗಿರುವವರು ಯಾರಾದರೂ ಬಂದು ಗುರುತು ಹೇಳಿದರೆ ಸರಿ, ಇಲ್ಲದಿದ್ದರೆ ವಾಪಸು ಹೋಗಬೇಕು ಎಂದಿದ್ದರು.

"ಸಾಹೇಬ್ರು ಒಂದ ಸಹಿ ಮಾಡಿದ್ರ ಸಾಕ್ರಿ ಬಾಯಾರ" ಅಂದಳು, ನೆಲ ನೋಡುತ್ತ. "ವಾಪಸ್ ಹೋದ್ರ ನನಗ ಅಲ್ಲಿ ಆಸ್ಪತ್ರಿ ಇಲ್ರಿ. ಯಾರದರ ಹೊಲಾನ ಗತಿ." ಯಾರ ಹೊಲ ಎಂದು ಅವಳು ಹೇಳಲಿಲ್ಲ. ನಮ್ಮನ್ನು ಬಿಟ್ಟು ಬೇರೆ ಗತಿಯಿದ್ದಿದ್ದರೆ ಅವಳು ಆ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಮ್ಮವರು ಪೆನ್ನು ತೆಗೆದರು. ಬಹಳ ಪ್ರೀತಿಯಿಂದಲೇ, "ನಿಮ್ಮೂರು ಯಾವ್ದು ಹೇಳಮ್ಮ, ಅದನ್ನ ಬರೆದು ಸೈನ್ ಮಾಡ್ತೀನಿ" ಎಂದರು. ಲುಸಿಯಾ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಒಂದು ಊರಿನ ಹೆಸರು ಹೇಳಿದಳು. ಅದು ಪಾಸ್‌ಪೋರ್ಟಿನಲ್ಲಿದ್ದದ್ದಲ್ಲ, ಚರ್ಚಿನ ಕಾಗದದಲ್ಲಿದ್ದದ್ದೂ ಅಲ್ಲ. ಮೂರನೆಯದು.

ನಮ್ಮವರು ಪೆನ್ನು ಮುಚ್ಚಿದರು. ಅವಳು ಹೋದ ಮೇಲೆ, "ಮೂರು ಕಡೆ ಮೂರು ಹೆಸರು ಕಮಲಾ. ನಾನು ಗೊತ್ತಿಲ್ಲದೇ ಇರೋದಕ್ಕೆ ಸೈನ್ ಹಾಕೋನಲ್ಲ, ಹಾಕಿದ್ರೂ ಆ ಆಫೀಸಿನವರು ನಂಬಲ್ಲ. ನಿಜ ಹೇಳಕ್ಕೆ ಅವಳಿಗೇನು ಕಷ್ಟ?" ಎಂದರು.

"ನಿಜ ಹೇಳೂದ ಕಷ್ಟ, ನನ್ನ ಮುಂದ" ಎಂದೆ. "ಅಕಿ ಊರು ಇನ್ನೂ ಅಡಗೇ ಐತ್ರಿ. ನಮ್ಮಪ್ಪನ ಹೊಲದಾಗ ಈಗೂ ಅವ್ರ ಮಂದಿನ ದುಡೀತಾರ. ಮೊನ್ನಿ ಪತ್ರದಾಗೂ ಬರದಿದ್ದಾರ, ಇಬ್ರು ಓಡಿಹೋದ್ರು, ಹುಡುಕಸಾಕತ್ತೀವಿ ಅಂತ." ಅದನ್ನು ಜೋರಾಗಿ ಹೇಳುವವರೆಗೂ, ಆ ಪತ್ರವನ್ನು ಮಳೆ ಬೆಳೆಯ ಸುದ್ದಿಯ ಹಾಗೆ ಓದಿ ಮಡಿಚಿಟ್ಟಿದ್ದೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ನಮ್ಮವರು ಪೆನ್ನನ್ನು ಜೇಬಿಗೆ ಸೇರಿಸಿದರು. "ಹಾಗಾದ್ರೆ ನೀನೇ ಹೋಗಬೇಕು. ಗೊತ್ತಿರೋದು ನಿನಗೆ" ಎಂದರು.

ಹೋದೆ. ಮಾರ್ಚ್ ತಿಂಗಳು, ಹಿಮ ಕರಗಿ ರಸ್ತೆಯೆಲ್ಲ ರಾಡಿ. ವೀಣಾಳನ್ನು ಮನೆಯೊಡತಿಯ ಬಳಿ ಬಿಟ್ಟು, ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿ, ಮರ್ಯಾದಸ್ಥಳಂತೆ ಕಾಣಲು ಇದ್ದ ಬಂಗಾರವನ್ನೆಲ್ಲ ಹಾಕಿಕೊಂಡೆ. ಲುಸಿಯಾ ಕಾರಿಡಾರಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ನಮಸ್ಕಾರ ಮಾಡಿ ನನ್ನ ಹಿಂದೆಯೇ ಒಳಗೆ ಬಂದಳು.

ಒಳಗೆ ಐವತ್ತೈದರ ಸುಮಾರಿನ ಅಧಿಕಾರಿ. ಗಟ್ಟಿ ಮನುಷ್ಯ, ಆದರೆ ಒರಟನಲ್ಲ. ಈಕೆ ಭಾರತದವಳೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದ. ನಮ್ಮೂರ ಭಾಷೆ ಮಾತಾಡುತ್ತಾಳೆ ಎಂದೆ. ಭಾಷೆ ಯಾರು ಬೇಕಾದರೂ ಕಲಿಯಬಹುದು ಎಂದ. ಇವಳ ಕುಟುಂಬ ನಿಮಗೆ ಪರಿಚಯವೇ? ಹೌದು ಎಂದೆ. ಹೇಗೆ?

ನಮ್ಮ ವಾಡೆಯಲ್ಲಿ ಅದಕ್ಕೆಲ್ಲ ಮೆತ್ತನೆಯ ಮಾತುಗಳಿದ್ದವು. ನಮ್ಮ ಆಳು, ಮನೆಮಂದಿ, ಹಿತ್ತಲಿನವರು, ತಲೆತಲಾಂತರದಿಂದ ಇದ್ದವರು. ಆ ಮಾತುಗಳಲ್ಲಿ ಎಲ್ಲವೂ ನೆಂಟಸ್ತಿಕೆಯ ಹಾಗೆ ಕೇಳಿಸುತ್ತಿತ್ತು. ಒಂದು ವರ್ಷದಲ್ಲಿ ಕಲಿತ ನನ್ನ ಹರಕು ಜರ್ಮನ್‌ನಲ್ಲಿ ಅವು ಯಾವುವೂ ಇರಲಿಲ್ಲ. ಒಂದೇ ಒಂದು ಪದವಿತ್ತು, ಸ್ಕ್ಲಾವೆನ್. ಗುಲಾಮರು.

ಅದನ್ನೇ ಹೇಳಿದೆ. ಇವಳ ಜನ ಗುಲಾಮರು. ಓಡಿಹೋಗಿ ಕಾಡಿನಲ್ಲಿ ಅಡಗಿ ಊರು ಕಟ್ಟಿಕೊಂಡರು. ನನ್ನ ಅಜ್ಜ ನಾಯಿಗಳ ಜೊತೆ ಹೋಗಿ ಅವರನ್ನು ಹಿಡಿದು ತಂದ. ಒಂದು ಹುಂಜ ಕೂಗಿದ್ದರಿಂದ ಊರು ಸಿಕ್ಕಿತು. ಆ ಹುಂಜದ ಕಥೆಯನ್ನು ನಮ್ಮ ಮನೆಯಲ್ಲಿ ನಗುತ್ತ ಹೇಳುತ್ತಾರೆ. ಇವಳ ಮನೆಯಲ್ಲಿಯ ಕಥೆಯೂ ಅದೇ, ಅಲ್ಲಿ ಯಾರೂ ನಗುವುದಿಲ್ಲ. ಹೊರಗಿನವರಿಗೆ ಎರಡೂ ಕಡೆಯದು ಗೊತ್ತಿರಲು ಸಾಧ್ಯವಿಲ್ಲ. ಇವಳು ಊರಿನ ಹೆಸರನ್ನು ಒಂದೊಂದು ಕಡೆ ಒಂದೊಂದು ಹೇಳುವುದು ಸುಳ್ಳಲ್ಲ, ಅದು ನಮ್ಮ ಮೇಲಿನ ಭಯ. ನನ್ನ ಮನೆಯವರ ಭಯ. ವ್ಯಾಕರಣವೆಲ್ಲ ತಪ್ಪಿರಬೇಕು. ಮುಖದಿಂದ ನೀರಿಳಿಯುತ್ತಿತ್ತು, ಕಣ್ಣೀರೋ ಬೆವರೋ ತಿಳಿಯದು. ಹಾಕಿಕೊಂಡ ಬಂಗಾರ ಮೈಮೇಲೆ ಹರಿದಾಡಿದಂತಾಗುತ್ತಿತ್ತು.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ್ದ. "ನಿಮ್ಮ ಅಜ್ಜನಿಗೆ ಆಮೇಲೆ ಏನಾಯಿತು?" ಎಂದು ಕೇಳಿದ.

"ಏನೂ ಆಗಲಿಲ್ಲ. ವಯಸ್ಸಾಗಿ ತೀರಿಕೊಂಡರು. ಮಣ್ಣಿಗೆ ಊರಿಗೆ ಊರೇ ಬಂದಿತ್ತು" ಎಂದೆ.

ಅವನು ಎಷ್ಟೋ ಹೊತ್ತು ಮೇಜನ್ನೇ ನೋಡುತ್ತ ಕೂತ. ಯುದ್ಧದ ಕಾಲವನ್ನು ಕಂಡ ಅವನ ವಯಸ್ಸಿನ ಜರ್ಮನ್ನರು ಕೆಲವೊಮ್ಮೆ ಹಾಗೆ ಕೂರುವುದನ್ನು ಆಮೇಲಿನ ವರ್ಷಗಳಲ್ಲಿ ಬಹಳ ಕಂಡಿದ್ದೇನೆ. ಬೇರೇನೂ ಕೇಳದೆ ಮುದ್ರೆ ಒತ್ತಿದ.

ಹೊರಗೆ ಟ್ರ್ಯಾಮಿಗಾಗಿ ನಿಂತೆವು. ಎದುರಿಗೆ ರಸ್ತೆ ಅಗೆಯುತ್ತಿದ್ದರು. ನಾನು ಅವಳ ಕಡೆ ತಿರುಗದೆಯೇ ಹೇಳಿದೆ, "ಇನ್ನಾಸಿ ನಮ್ಮ ಹಿತ್ತಲದಾಗ ಇದ್ಲು ಲುಸಿಯಾ. ನಾ ಸಾಲೀಗೆ ಹೋಗೂತನಕ ನನ್ನ ಎತ್ತಾಡಿಸಿದಾಕಿ ಅಕೀನ. ಕೊಟ್ಟಿಗ್ಯಾಗ ಸತ್ಲು."

ಲುಸಿಯಾ ಅಗೆದ ರಸ್ತೆಯ ಕಡೆ ನೋಡುತ್ತಲೇ, "ಹಾಡತಿದ್ಲೇನ್ರಿ?" ಎಂದು ಕೇಳಿದಳು.

"ಇಲ್ಲ. ಅಕಿ ದನೀನ ಯಾರೂ ಕೇಳಿಲ್ಲ. ನಾವೆಲ್ಲಾ ಮೂಕಿ ಅಂತ ತಿಳಕೊಂಡಿದ್ವಿ." ಅಷ್ಟು ಹೇಳುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಲುಸಿಯಾ ಕೋಟಿನ ತೋಳಿನಿಂದ ನನ್ನ ಮುಖ ಒರೆಸಿದಳು, ಆಸ್ಪತ್ರೆಯಲ್ಲಿ ಕೂಸಿನ ಮುಖ ಒರೆಸಿದ ಹಾಗೆ. ಅವಳ ಕಣ್ಣು ಒಣಗಿಯೇ ಇತ್ತು.

"ಅಕ್ಕಾ" ಅಂದಳು. "ಒಳಗ ಆ ಸಾಹೇಬ್ರ ಮುಂದ ನಿಮ್ಮ ಮನಿ ಮರ್ಯಾದಿ ಕಳದ ನನ್ನ ಉಳಿಸಿದ್ರಿ. ಕವಂದಿ ಮುಗದ ಮ್ಯಾಲ ಊರ ಹೆಸರ ಹೇಳತೀನಿ ಅಂದಿದ್ದೆ. ಈಗ ಹೇಳತೀನಿ."

ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ನನ್ನ ಕೈಗವಸು ಒದ್ದೆಯಾಗಿತ್ತು. "ಬ್ಯಾಡ. ನನಗ ಹೇಳಬ್ಯಾಡ. ನಾ ವಾಡೇದ ಮಗಳು. ತವರಿಗೆ ಹೋಗ್ತೀನಿ, ಅಪ್ಪ ಅಣ್ಣ ಕೂಡಿ ಕೂತಾಗ ಯಾವಾಗರೆ ಬಾಯಿ ಜಾರತೈತಿ. ಅಷ್ಟ ವರ್ಷ ಇನ್ನಾಸಿ ಹೇಳಲಿಲ್ಲ. ನೀನೂ ಹೇಳಬ್ಯಾಡ."

ಅವಳು ನನ್ನ ಕೈ ಸರಿಸಲಿಲ್ಲ. ಟ್ರ್ಯಾಮು ಬರುವವರೆಗೂ ಹಾಗೆಯೇ ನಿಂತಿದ್ದೆವು. ಜನ ನೋಡುತ್ತಿದ್ದರು.

ಅಪ್ಪನಿಗೆ ನಾನು ಪತ್ರ ಬರೆದೆ, ಓಡಿಹೋದವರನ್ನು ಹುಡುಕಿಸಬೇಡಿ ಎಂದು. ಹೊರದೇಶಕ್ಕೆ ಹೋಗಿ ತಲೆ ತಿರುಗಿದೆ ಎಂದು ಅಣ್ಣ ಉತ್ತರಿಸಿದ. ಅಲ್ಲಿಗೆ ತವರಿನ ನಂಟು ಸಡಿಲವಾಯಿತು. ಕೌದಿ ಬೇಸಿಗೆಯಲ್ಲಿ ಅಂಚೆಯಲ್ಲಿ ಬಂತು. ಲುಸಿಯಾ ಉತ್ತರದ ಯಾವುದೋ ಊರಿನ ಆಸ್ಪತ್ರೆಗೆ ಹೋಗಿದ್ದಳು. ಕ್ರಿಸ್ಮಸ್ಸಿಗೆ ಕೆಲವು ವರ್ಷ ಕಾರ್ಡು ಬರುತ್ತಿತ್ತು, ಹಿಂದೆ ವಿಳಾಸ ಇರುತ್ತಿರಲಿಲ್ಲ. ನಾನು ಹುಡುಕಲು ಹೋಗಲಿಲ್ಲ.

ಲೀನಾ ಕೌದಿಯ ನಡುಭಾಗವನ್ನು ಒತ್ತಿ ನೋಡುತ್ತಿದ್ದಳು. "ಅಜ್ಜಿ, ಒಳಗೆ ಏನೋ ಗಟ್ಟಿಯಾಗಿದೆ."

ಅಕ್ಕಿಕಾಳು. ಕೊನೆಯ ತೇಪೆ ಮುಚ್ಚುವ ಮುಂಚೆ ಕವಂದಿಯ ಹೊಟ್ಟೆ ತುಂಬಿಸಬೇಕು, ಖಾಲಿ ಹೊಟ್ಟೆಯ ಕವಂದಿಯನ್ನು ಯಾರಿಗೂ ಹೊದಿಸಬಾರದು ಎಂದು ಲುಸಿಯಾ ಹೇಳಿದ್ದಳು. ಅದನ್ನು ಹೇಳಿದೆ. ಉಳಿದದ್ದನ್ನೂ ಹೇಳಿದೆ. ಅಜ್ಜನ ಕಥೆ, ಹುಂಜ, ಮೂಕಿ ಅಲ್ಲದ ಮೂಕಿ. ವೀಣಾ ಪೆಟ್ಟಿಗೆ ಬಿಚ್ಚುವುದನ್ನು ನಿಲ್ಲಿಸಿ ಬಾಗಿಲಿಗೆ ಒರಗಿ ಕೇಳಿದಳು. ಅವಳಿಗೂ ಇದು ಹೊಸತು. ನನ್ನ ಮಗಳ ಮುಖ ಕೆಂಪಾಗುವುದನ್ನು ನೋಡಿದೆ. ಬೇಡ ಎನ್ನಲಿಲ್ಲ. ಆ ನಾಚಿಕೆ ಅವಳ ಪಾಲಿನದು.

ಲೀನಾ ಆಗಲೇ ಫೋನು ತೆಗೆದು ನಕ್ಷೆ ತೆರೆದಿದ್ದಳು. ಹಸಿರು ಕಾಡು, ನಡುವೆ ಹೊಳೆಯ ಗೆರೆ. ಬೆರಳಿನಿಂದ ಹಿಗ್ಗಿಸಿದರೆ ಒಂದೊಂದು ಮನೆಯ ಮಾಡೂ ಕಾಣುತ್ತಿತ್ತು. "ಯಾವ ಊರು ಅಜ್ಜಿ? ಹೆಸರು ಹೇಳು, ಹುಡುಕೋಣ."

"ಹಳಿಯಾಳ ಅಂತ ಹಾಕು" ಎಂದೆ.

"ಹಳಿಯಾಳ ಸಿಕ್ಕಿತು. ಆದರೆ ಅದಲ್ಲವಲ್ಲ. ಆ ಊರು?"

"ಅದರ ಹತ್ತಿರ" ಎಂದೆ. ಅವಳ ಕೈಯಿಂದ ಫೋನನ್ನು ಮೆಲ್ಲಗೆ ತೆಗೆದು ಮೇಜಿನ ಮೇಲೆ ಬೋರಲು ಇಟ್ಟೆ. ಕೌದಿಯನ್ನು ಮಂಚದ ಮೇಲೆ ಹಾಸಿ, ಮೂಲೆಯ ಹೂಗಳನ್ನು ಒಂದೊಂದಾಗಿ ಬಿಡಿಸಿದೆ.